ತಳದ ಕಡೆಗೆ ಈಜಿದ ಮುನಿರಾಜು

2023ರ ಬೇಸಿಗೆಯಲ್ಲಿ ನಾನು ಜಯನಗರದ ಒಂದು ಖಾಸಗಿ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಹಿರಿಯ ವೈದ್ಯೆಯಾಗಿದ್ದೆ. ವಿಭಾಗದ ಹಿಂಬದಿಯಲ್ಲಿ, ಮೊದಲು ಸ್ಟೋರ್ ರೂಮಾಗಿದ್ದ ಜಾಗದಲ್ಲಿ, ತಲೆಸುತ್ತಿನ ರೋಗಿಗಳಿಗೆಂದೇ ಒಂದು ಪುಟ್ಟ ಲ್ಯಾಬ್ ಮಾಡಿಕೊಂಡಿದ್ದೆವು. ಕತ್ತಲಲ್ಲಿ ತಿರುಗುವ ಒಂದು ಕುರ್ಚಿ, ಕಣ್ಣಿನ ಚಲನೆಯನ್ನು ಚಿತ್ರೀಕರಿಸುವ ಕ್ಯಾಮೆರಾ ಕನ್ನಡಕ, ಒಂದು ಕಂಪ್ಯೂಟರ್, ಅಷ್ಟೇ. ಅದನ್ನು ನೋಡಿಕೊಳ್ಳುತ್ತಿದ್ದವರು ಕಿವಿಯ ಪರೀಕ್ಷೆಗಳನ್ನು ಮಾಡುವ ಆಡಿಯಾಲಜಿಸ್ಟ್ ದೀಪಕ್.

ಅಲ್ಲಿಗೆ ಬರುವವರನ್ನು ನೋಡಿದರೆ ಸಾಕು, ಕಾಯಿಲೆ ಗೊತ್ತಾಗುತ್ತಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಇಡೀ ಕೋಣೆ ತಿರುಗುತ್ತದೆ ಎನ್ನುವವರು, ಆಟೋದಲ್ಲಿ ವಾಂತಿ ಮಾಡಿಕೊಂಡು ಗಂಡನ ಹೆಗಲಿಗೆ ಜೋತುಬಿದ್ದು ಬರುವವರು, ಕಣ್ಣು ಬಿಡಲೂ ಹೆದರುವವರು. ಆ ಲ್ಯಾಬಿನಲ್ಲಿ ನಾನು ಕಂಡ ಅತ್ಯಂತ ಗಂಭೀರ ರೋಗಿ ಮಾತ್ರ ಇವರಲ್ಲಿ ಯಾರ ಹಾಗೂ ಇರಲಿಲ್ಲ. ತಲೆ ಸುತ್ತುತ್ತದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ನಾನು ಕೇಳಿದಾಗಲೂ ಇಲ್ಲ ಎಂದರು. ಅವರನ್ನು ನನ್ನ ಬಳಿಗೆ ಕಳಿಸಿದ್ದು ಮನೋವೈದ್ಯೆ.

ಮೇ ತಿಂಗಳ ಒಂದು ಮಧ್ಯಾಹ್ನ, ಓಪಿಡಿ ಮುಗಿಸಿ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಎರಡನೇ ಮಹಡಿಯಿಂದ ಡಾ. ಉಷಾ ಫೋನ್ ಮಾಡಿದರು. ಉಷಾ ನನ್ನ ಹಳೆಯ ಸ್ನೇಹಿತೆ, ನಮ್ಮ ಆಸ್ಪತ್ರೆಯ ಮನೋರೋಗ ವಿಭಾಗದವರು. ಮಾತು ಕಡಿಮೆ. ಅಂದು ಸ್ವಲ್ಪ ಗೊಂದಲದಲ್ಲಿದ್ದಂತೆ ಕಂಡರು.

“ಒಬ್ರು ಪೇಷಂಟ್ ಇದ್ದಾರೆ. ಸೂಸೈಡ್ ಅಟೆಂಪ್ಟ್ ಅಂತ ಮನೆಯವರು ಕರ್ಕೊಂಡ್ ಬಂದಿದ್ದಾರೆ. ಮೂರು ಸಲ ಕೂತು ಮಾತಾಡಿದೀನಿ. ನನಗ್ಯಾಕೋ ಹಾಗನ್ನಿಸ್ತಾ ಇಲ್ಲ. ಒಂದ್ಸಲ ನೀವು ನೋಡಿಬಿಡಿ” ಎಂದರು.

ಆತ್ಮಹತ್ಯೆಗೆ ಯತ್ನಿಸಿದವರನ್ನು ಕಿವಿ ಡಾಕ್ಟರಿಗೆ ಯಾಕೆ ತೋರಿಸಬೇಕೆಂದು ಕೇಳಿದೆ. ಆ ದಿನ ಬೆಳಿಗ್ಗೆ ಕಾರಿಡಾರಿನಲ್ಲಿ ಆ ರೋಗಿ ಉಷಾಗೆ ಎದುರು ಬಂದರಂತೆ. ಉಷಾ ನಗುತ್ತ ನಮಸ್ಕಾರ ಎಂದರೂ ಗುರುತೇ ಇಲ್ಲದವರಂತೆ ಮುಂದೆ ಹೋದರಂತೆ. ಎರಡು ಹೆಜ್ಜೆ ದಾಟಿ, ನಿಂತು, ತಿರುಗಿ ನೋಡಿ, ಕೈಮುಗಿದು ಕ್ಷಮೆ ಕೇಳಿದರಂತೆ. ಏನಾಯಿತೆಂದು ವಿಚಾರಿಸಿದ್ದಕ್ಕೆ, “ನಡೀವಾಗ ಮುಖ ಎಲ್ಲಾ ಕುಣೀತವೆ ಮೇಡಂ. ನಿಂತ್ಕಂಡ್ರೆ ಸರಿಹೋಯ್ತವೆ” ಎಂದರಂತೆ. ಖಿನ್ನತೆಯಲ್ಲಿ ಮುಖಗಳು ಕುಣಿಯುವುದನ್ನು ತಮ್ಮ ಇಷ್ಟು ವರ್ಷದ ವೃತ್ತಿಯಲ್ಲಿ ಕೇಳಿಲ್ಲ ಎಂದರು ಉಷಾ.

ನಾನು ಡಬ್ಬಿ ಮುಚ್ಚಿದೆ. ನಡೆಯುವಾಗ ಮಾತ್ರ ಜಗತ್ತು ಕುಣಿಯುತ್ತದೆ, ನಿಂತರೆ ನಿಲ್ಲುತ್ತದೆ ಎನ್ನುವ ಮಾತಿಗೆ ನಮ್ಮಲ್ಲಿ ಒಂದು ಅರ್ಥವಿದೆ. ಕೂಡಲೇ ಕಳಿಸಲು ಹೇಳಿದೆ.

ಮೂವರು ಬಂದರು. ಮುಂದೆ ಹೆಂಡತಿ ಸರೋಜಮ್ಮ, ನಡುವೆ ಅವರು, ಹಿಂದೆ ಮಗಳು ಚೈತ್ರಾ. ಇಬ್ಬರು ಹೆಂಗಸರು ಒಬ್ಬ ಗಂಡಸನ್ನು ಕಾವಲಿನಲ್ಲಿ ಕರೆತಂದ ಹಾಗಿತ್ತು. ಆಮೇಲೆ ಗೊತ್ತಾಯಿತು, ನಿಜವಾಗಿಯೂ ಅದು ಕಾವಲೇ.

ಮುನಿರಾಜು ಚಿಕ್ಕಲಸಂದ್ರದವರು. ವಯಸ್ಸು ಐವತ್ತು ದಾಟಿತ್ತು. ಅಗಲವಾದ ಭುಜ, ಕ್ಲೋರಿನ್ ನೀರಿನಲ್ಲಿ ವರ್ಷಗಟ್ಟಲೆ ನೆನೆದು ಕೆಂಚಾದ ಕೂದಲು. ಅವರ ಬಾಲ್ಯದಲ್ಲಿ ಚಿಕ್ಕಲಸಂದ್ರ ಇನ್ನೂ ಹಳ್ಳಿ. ತಂದೆಯ ಹೊಲದ ಬಾವಿಯಲ್ಲಿ ಈಜು ಕಲಿತರು. ಹೊಲ ಲೇಔಟ್ ಆಯಿತು, ಬಾವಿ ಮುಚ್ಚಿತು, ಉಳಿದ ಸೈಟಿನಲ್ಲಿ ಬಾಡಿಗೆ ಮನೆಗಳು ಎದ್ದವು. ಬಾಡಿಗೆ ಬರುತ್ತಿದ್ದುದರಿಂದ ದುಡಿಯಲೇಬೇಕೆಂದಿರಲಿಲ್ಲ. ಆದರೂ ನೀರು ಬಿಡಲಾಗದೆ ಜೆ.ಪಿ. ನಗರದ ಒಂದು ಈಜುಕೊಳದಲ್ಲಿ ಮಕ್ಕಳಿಗೆ ಕೋಚ್ ಆದರು. ಮಗಳೂ ಅಲ್ಲೇ ಬೆಳೆದು, ಓದು ಮುಗಿಸಿ, ಅಪ್ಪನ ಜೊತೆಗೇ ಕೋಚಿಂಗ್ ಮಾಡುತ್ತಿದ್ದಳು. ಆ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಅವರಿಂದ ಈಜು ಕಲಿಯದ ಮಕ್ಕಳು ಕಡಿಮೆ ಎಂದು ಚೈತ್ರಾ ಹೇಳಿದಳು. 

ಕುಳಿತ ಮೇಲೆ ಮುನಿರಾಜು ನೆಲ ನೋಡತೊಡಗಿದರು. ಕಾಯಿಲೆಯ ಕಥೆಯನ್ನೆಲ್ಲ ಸರೋಜಮ್ಮನೇ ಹೇಳಿದರು.

ಮಾರ್ಚಿನಲ್ಲಿ ಅವರಿಗೆ ಕಿಡ್ನಿಗೆ ಸೋಂಕಾಗಿ, ಅದು ರಕ್ತಕ್ಕೆ ಹರಡಿ, ಮೈಯೆಲ್ಲ ನಡುಗುವ ಜ್ವರ ಬಂದಿತ್ತು. ಮನೆ ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದರು. ಉಳಿಯುವುದೇ ಕಷ್ಟ ಎಂದಿದ್ದರಂತೆ ವೈದ್ಯರು. ಇಂಜೆಕ್ಷನ್‌ಗಳ ಮೇಲೆ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು. ಮನೆಗೆ ಬಂದ ಮೇಲೆ ಜ್ವರ ಮರಳಲಿಲ್ಲ. ಆದರೆ ಮನುಷ್ಯ ಬದಲಾಗಿದ್ದ. ಗೋಡೆ ಹಿಡಿದು ನಡೆಯುವುದು, ಸಂಜೆ ಬೆಳಕು ಕಮ್ಮಿಯಾದರೆ ಹೊರಗೆ ಹೊರಡದೆ ಇರುವುದು. ಬೀದಿಯಲ್ಲಿ ಹಳೆಯ ಪರಿಚಯದವರು ಎದುರಾದರೆ ಮಾತಾಡಿಸದೆ ಹೋಗುವುದು. ತಲೆಗೆ ನೀರು ಹುಯ್ದುಕೊಳ್ಳುವಾಗ ಬಚ್ಚಲಲ್ಲಿ ಮುಗ್ಗರಿಸಿ ಬಿದ್ದು ಮೊಣಕೈ ತರಚಿಕೊಂಡಿದ್ದರು. ನಿಶ್ಶಕ್ತಿ ಎಂದುಕೊಂಡು ಸರೋಜಮ್ಮ ರಾಗಿ ಗಂಜಿ, ಕಾಲು ಸೂಪು, ಮೊಟ್ಟೆ ಎಲ್ಲ ಮಾಡಿಹಾಕಿದರು. ಒಬ್ಬ ವೈದ್ಯರು ತಲೆಯನ್ನು ಅತ್ತ ಇತ್ತ ತಿರುಗಿಸಲು ಹೇಳಿ, ನೋಡಿ, ಎಲ್ಲ ಸರಿಯಿದೆ ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟಿದ್ದರು.

ಏಪ್ರಿಲ್ ಕೊನೆಯಲ್ಲಿ ಬೇಸಿಗೆ ಶಿಬಿರ ಶುರುವಾಗಿತ್ತು. ಕೊಳ ನೋಡಿದರೆ ಉಲ್ಲಾಸ ಬರಬಹುದೆಂದು ಚೈತ್ರಾ ಅಪ್ಪನನ್ನು ಒಂದು ಸಂಜೆ ಕರೆದುಕೊಂಡು ಹೋದಳು. ಮಕ್ಕಳು ಸುತ್ತುವರಿದು, ‘ಕೋಚ್ ಅಂಕಲ್, ಪಲ್ಟಿ ಹೊಡೀರಿ’ ಎಂದು ಹಟ ಹಿಡಿದವು. ಬಾವಿಯಲ್ಲಿ ಕಲಿತ ಪಲ್ಟಿ ಅದು. ಗಾಳಿಯಲ್ಲೊಂದು ಸುತ್ತು ಸುತ್ತಿ, ಕಣ್ಣು ಮುಚ್ಚಿಕೊಂಡೇ ಆಳಕ್ಕೆ ಹೋಗಿ ಮೇಲೆ ಬರುವುದು. ಸಾವಿರ ಸಲ ಮಾಡಿದ್ದ ಕೆಲಸ. ಮುನಿರಾಜು ನಕ್ಕರು. ತಿಂಗಳ ಮೇಲೆ ಅಪ್ಪ ನಕ್ಕಿದ್ದು ಅದೇ ಮೊದಲು ಎಂದಳು ಚೈತ್ರಾ. ಹಾರಿದರು.

ಮೇಲೆ ಬರಲಿಲ್ಲ.

ಮುಂದಿನದನ್ನು ಚೈತ್ರಾ ಅಪ್ಪನಿಗೆ ಕೇಳಿಸದಂತೆ ನನ್ನನ್ನು ಕಾರಿಡಾರಿಗೆ ಕರೆದು ಹೇಳಿದಳು. ಮೊದಲು ಅಪ್ಪ ಮಕ್ಕಳನ್ನು ಆಟವಾಡಿಸುತ್ತಿದ್ದಾರೆ ಎಂದುಕೊಂಡಳಂತೆ. ಆಮೇಲೆ ಧುಮುಕಿದಳು. ನೀರಿನಲ್ಲಿ ಕಂಡದ್ದನ್ನು ಅವಳಿಗೆ ನಂಬಲಾಗಲಿಲ್ಲ. ಅಪ್ಪ ಮುಳುಗುತ್ತಿರಲಿಲ್ಲ. ಈಜುತ್ತಿದ್ದರು. ತಲೆ ಕೆಳಗಾಗಿ, ಕೈಕಾಲು ಬಲವಾಗಿ ಬಡಿಯುತ್ತ, ತಳದ ಕಡೆಗೆ ಈಜುತ್ತಿದ್ದರು. ತಳ ಸಿಕ್ಕ ಮೇಲೂ ನಿಲ್ಲಲಿಲ್ಲ. ನೆಲದ ಟೈಲ್ಸನ್ನು ತಡವುತ್ತ ಇನ್ನೂ ಆಳವಿದ್ದ ಕಡೆಗೇ ಸಾಗಿದರು.

“ನಾನು ಹಿಡ್ಕೊಂಡು ಮೇಲಕ್ಕೆ ಎಳೆದೆ ಮೇಡಂ. ಅಪ್ಪ ನನ್ನನ್ನ ಒದ್ದರು. ಎದೆಗೇ ಒದ್ದರು. ನನ್ನ ಬಿಡು ಅನ್ನೋ ಹಾಗೆ” ಎಂದಳು.

ಎರಡನೆಯ ಸಲ ಉಸಿರು ತೆಗೆದುಕೊಂಡು ಹೋಗಿ, ಇನ್ನೊಬ್ಬ ಕೋಚ್ ಜೊತೆ ಸೇರಿ, ಪ್ರಜ್ಞೆ ತಪ್ಪಿದ್ದವರನ್ನು ಮೇಲೆ ತಂದಿದ್ದರು. ಆಂಬುಲೆನ್ಸ್, ಐಸಿಯು. ಎಚ್ಚರವಾದಾಗ ಅವರು ಕೇಳಿದ ಮೊದಲ ಮಾತು, ಮಕ್ಕಳೆಲ್ಲ ಮೇಲೆ ಬಂದರಾ ಎಂದು. ಬಡಬಡಿಕೆ ಎಂದು ಯಾರೂ ಅದಕ್ಕೆ ಗಮನ ಕೊಡಲಿಲ್ಲ. ಇಂಥ ಈಜುಗಾರ ಮೇಲೆ ಬರದೆ ತಳಕ್ಕೆ ಈಜಿದ, ಬಿಡಿಸಲು ಹೋದ ಮಗಳನ್ನೇ ಒದ್ದ. ಇದಕ್ಕೆ ಬಂಧುಬಳಗಕ್ಕೆ ಹೊಳೆದದ್ದು ಒಂದೇ ಕಾರಣ. ಕಾಯಿಲೆಯಿಂದ ಮನಸ್ಸು ಕೆಟ್ಟು ಸಾಯಲು ಹೋದರು.

ಅಂದಿನಿಂದ ಮನೆಯ ಸಂಪಿನ ಮುಚ್ಚಳಕ್ಕೆ ಬೀಗ ಬಿತ್ತು. ಬಚ್ಚಲಿನ ಬಾಗಿಲ ಚಿಲಕ ತೆಗೆಸಿದರು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದರು. ಟೆರೇಸಿಗೆ ಹೋಗುವ ಮೆಟ್ಟಿಲ ಬಳಿ ಸರೋಜಮ್ಮನ ತಮ್ಮ ಮಲಗತೊಡಗಿದರು. ನಾವು ಒಳಗೆ ಬಂದ ಮೇಲೆ ಸರೋಜಮ್ಮ ಈ ಕಾವಲಿನ ಕಥೆಯನ್ನೆಲ್ಲ ಗಂಡನ ಎದುರಿಗೇ, ಅವರಿಲ್ಲವೇನೋ ಎಂಬಂತೆ ಹೇಳಿದರು. ಅವರು ತಲೆ ಎತ್ತಲಿಲ್ಲ.

ನಾನು ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡು ಕೂತೆ. ಎರಡೂ ಅಂಗೈಗಳಿಂದ ಅವರ ತಲೆ ಹಿಡಿದು, ನನ್ನ ಮೂಗನ್ನೇ ನೋಡುತ್ತಿರಿ ಎಂದೆ. ಮುನ್ಸೂಚನೆ ಕೊಡದೆ ತಲೆಯನ್ನು ಬಲಕ್ಕೆ ಸ್ವಲ್ಪವೇ, ಆದರೆ ಥಟ್ಟನೆ ತಿರುಗಿಸಿದೆ. ಆರೋಗ್ಯವಂತರಲ್ಲಿ ತಲೆ ಎಷ್ಟು ಬೇಗ ತಿರುಗಿದರೂ ಕಣ್ಣುಗಳು ನನ್ನ ಮೂಗಿನ ಮೇಲೇ ನಿಂತಿರುತ್ತವೆ. ಅವರ ಕಣ್ಣುಗಳು ತಲೆಯ ಜೊತೆಗೇ ಬಲಕ್ಕೆ ಹೋದವು. ಒಂದು ಕ್ಷಣ ತಡೆದು, ದಾರಿ ತಪ್ಪಿದವರು ಮರಳುವಂತೆ, ಹಾರಿ ನನ್ನ ಮೂಗಿಗೆ ವಾಪಸಾದವು. ಎಡಕ್ಕೆ ತಿರುಗಿಸಿದೆ. ಅದೇ. ಮತ್ತೆ ಬಲಕ್ಕೆ. ಅದೇ.

ನೀವೇ ತಿರುಗಿಸಿ ಎಂದೆ. ಅವರು ನಿಧಾನವಾಗಿ ತಿರುಗಿಸಿದಾಗ ಕಣ್ಣುಗಳು ಬಹುಮಟ್ಟಿಗೆ ಸರಿಯಾಗಿ ನಿಂತವು. ಹಿಂದಿನ ವೈದ್ಯರಿಗೆ ಏನೂ ಕಾಣದಿದ್ದುದು ಇದಕ್ಕೇ ಎಂದು ಆಗ ಅರ್ಥವಾಯಿತು. ನಾವೇ ತಲೆ ತಿರುಗಿಸುವಾಗ ಮೆದುಳಿಗೆ ಅದು ಮೊದಲೇ ಗೊತ್ತಿರುತ್ತದೆ, ಕಣ್ಣನ್ನು ಸಿದ್ಧಮಾಡಿಟ್ಟುಕೊಳ್ಳುತ್ತದೆ. ತಲೆ ಅನಿರೀಕ್ಷಿತವಾಗಿ ತಿರುಗಿದಾಗ ಮಾತ್ರ ಒಳಕಿವಿಯ ನಿಜವಾದ ಪರೀಕ್ಷೆ.

ನರ್ಸಿಂಗ್ ಹೋಮಿನಲ್ಲಿ ಯಾವ ಇಂಜೆಕ್ಷನ್ ಕೊಟ್ಟಿದ್ದರೆಂದು ಕೇಳಿದೆ. ಚೈತ್ರಾ ನೆನಪಿನಿಂದಲೇ ಎರಡು ಹೆಸರು ಹೇಳಿದಳು. ಎರಡನೆಯದು ಜೆಂಟಾಮೈಸಿನ್. ಲ್ಯಾಬ್ ಸಿದ್ಧಮಾಡಲು ದೀಪಕ್‌ಗೆ ಹೇಳಿಕಳಿಸಿದೆ.

ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋದೆವು. ದೀಪಕ್, ಮುನಿರಾಜು ಅವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಕ್ಯಾಮೆರಾ ಕನ್ನಡಕ ಹಾಕಿದರು. ಕನ್ನಡಕದೊಳಗೆ ಪೂರ್ತಿ ಕತ್ತಲು, ಆದರೆ ಕಣ್ಣಿನ ಚಿತ್ರ ನಮ್ಮ ಪರದೆಯ ಮೇಲೆ ಕಾಣುತ್ತದೆ. ಕುರ್ಚಿ ಸದ್ದಿಲ್ಲದೆ ಬಲಕ್ಕೆ ತಿರುಗುತ್ತದೆ, ನಿಧಾನವಾಗಿ ತಡೆದು ಎಡಕ್ಕೆ ಬರುತ್ತದೆ, ಮತ್ತೆ ಬಲಕ್ಕೆ. ಒಳಕಿವಿ ಸರಿಯಿದ್ದವರ ಕಣ್ಣು ಆ ಕತ್ತಲಲ್ಲೂ ಕುರ್ಚಿಯ ವಿರುದ್ಧ ದಿಕ್ಕಿಗೆ ಜಾರುತ್ತದೆ, ಗಕ್ಕನೆ ಮರಳುತ್ತದೆ, ಮತ್ತೆ ಜಾರುತ್ತದೆ. ಅದು ಇಚ್ಛೆಗೆ ಸಿಕ್ಕುವಂಥದ್ದಲ್ಲ. ನಟಿಸಲೂ ಆಗದು, ತಡೆಯಲೂ ಆಗದು.

ತಾಯಿ ಮಗಳಿಬ್ಬರೂ ಗೋಡೆಗೆ ಒರಗಿ ನಿಂತಿದ್ದರು. ದೀಪಕ್ ಕುರ್ಚಿ ಚಾಲೂ ಮಾಡಿದರು. ಮುನಿರಾಜು ಬಲಕ್ಕೆ ತಿರುಗಿದರು, ಎಡಕ್ಕೆ ಬಂದರು, ಬಲಕ್ಕೆ ಹೋದರು. ಪರದೆಯ ಮೇಲೆ ಅವರ ಎರಡು ಕಣ್ಣುಗಳು, ಚಿತ್ರದಲ್ಲಿ ಬರೆದಂತೆ, ಅಲುಗಾಡದೆ ನಿಂತಿದ್ದವು. ಕೆಳಗೆ ಓಡುತ್ತಿದ್ದ ಗೆರೆ ಸಪಾಟು. ದೀಪಕ್ ನನ್ನ ಮುಖ ನೋಡಿದರು. ನಾನು ಮುಂದುವರಿಸಿ ಎಂದು ಸನ್ನೆ ಮಾಡಿದೆ.

ಆಗ ಮುನಿರಾಜು, ತಿರುಗುತ್ತಿರುವ ಕುರ್ಚಿಯಿಂದಲೇ, ವಿನಯದಿಂದ ಕೇಳಿದರು:

“ಯಾವಾಗ ಶುರು ಮಾಡ್ತೀರಾ ಮೇಡಂ?”

 ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಿವಿಗಳ ನಡುವೆ ಬದುಕಿದವಳು ನಾನು. ಪುಸ್ತಕದಲ್ಲಿ ಓದಿದ್ದೆ, ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೆ. ಒಬ್ಬ ಮನುಷ್ಯ ಅತ್ತಿಂದಿತ್ತ ತಿರುಗುತ್ತ, ತಾನು ಸುಮ್ಮನೆ ಕೂತಿದ್ದೇನೆಂದು ನಂಬಿ, ಕಾಯುತ್ತಿರುವುದನ್ನು ಕಣ್ಣಾರೆ ಕಂಡಿರಲಿಲ್ಲ. ಚೈತ್ರಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಸರೋಜಮ್ಮ ಏನಾಗುತ್ತಿದೆಯೆಂದು ಇನ್ನೂ ಅರ್ಥವಾಗದೆ ಒಮ್ಮೆ ಗಂಡನನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು.

ಯಂತ್ರ ಕೆಟ್ಟಿರಬಹುದು ಎಂಬ ಅನುಮಾನ ಉಳಿಯಬಾರದೆಂದು ದೀಪಕ್, ಮುನಿರಾಜು ಅವರನ್ನು ಇಳಿಸಿ ತಾವೇ ಕುರ್ಚಿಯಲ್ಲಿ ಕೂತರು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಅವರ ಕಣ್ಣು ಕುಣಿಯಿತು, ಗೆರೆ ಗರಗಸದ ಹಲ್ಲಿನಂತೆ ಎದ್ದಿತು. ಯಂತ್ರ ಸರಿಯಿತ್ತು. ಆಮೇಲೆ ಮುನಿರಾಜು ಅವರ ಕಿವಿಗೆ ಐಸ್ ನೀರು ಬಿಟ್ಟು ನೋಡಿದೆವು. ಬೇರೆಯವರಾದರೆ ಮಂಚ ಹಿಡಿದು ಕೂಗಿಕೊಳ್ಳುವಷ್ಟು ತಲೆ ಸುತ್ತುತ್ತದೆ. ಅವರು ತಣ್ಣಗಿದೆ ಎಂದರು, ಅಷ್ಟೇ. ಎರಡು ಕಿವಿಯಲ್ಲೂ ಅಷ್ಟೇ. ಕೇಳಿಸುವ ಶಕ್ತಿ ಮಾತ್ರ ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿಯೇ ಇತ್ತು.

ಓದುಗರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಒಳಕಿವಿಯಲ್ಲಿ ಕೇಳಿಸುವ ಅಂಗದ ಪಕ್ಕದಲ್ಲೇ ತಲೆಯ ಚಲನೆಯನ್ನು ಅಳೆಯುವ ಅಂಗವಿದೆ. ದ್ರವ ತುಂಬಿದ ಮೂರು ಸಣ್ಣ ಬಾಗಿದ ನಳಿಕೆಗಳು ತಲೆ ಯಾವ ದಿಕ್ಕಿಗೆ ತಿರುಗಿತೆಂದು ತಿಳಿಸುತ್ತವೆ. ಪಕ್ಕದ ಎರಡು ಚೀಲಗಳು ಭೂಮಿ ಯಾವ ಕಡೆಗೆ ಎಳೆಯುತ್ತಿದೆ ಎಂದು ಹೇಳುತ್ತವೆ. ಇವುಗಳೊಳಗಿನ ಕೂದಲಿನಂಥ ಸೂಕ್ಷ್ಮ ಕೋಶಗಳು ಬಾಗಿದಾಗ ನರದ ಮೂಲಕ ಸಂಕೇತ ಹೊರಟು, ಮೆದುಳಿನ ಕಾಂಡದಲ್ಲಿದ್ದು ಸಮತೋಲನ ಕಾಯುವ ವೆಸ್ಟಿಬ್ಯುಲರ್ ನರಕೋಶಗಳನ್ನು ಮುಟ್ಟುತ್ತದೆ. ಈ ನರಕೋಶಗಳು ನಾವು ಅಲುಗಾಡದೆ ಕೂತಾಗಲೂ ಸುಮ್ಮನಿರುವುದಿಲ್ಲ. ಎಡಬಲ ಎರಡೂ ಕಡೆ ಒಂದೇ ಸಮನೆ ಮಿಡಿಯುತ್ತಿರುತ್ತವೆ. ತಲೆ ಬಲಕ್ಕೆ ತಿರುಗಿದರೆ ಬಲಗಡೆಯ ಮಿಡಿತ ಏರುತ್ತದೆ, ಎಡಗಡೆಯದು ಇಳಿಯುತ್ತದೆ. ಮೆದುಳು ಓದುವುದು ಈ ಎರಡರ ವ್ಯತ್ಯಾಸವನ್ನು. ಅದನ್ನು ಓದಿದ ಕೂಡಲೇ ಕಣ್ಣನ್ನು ಅಷ್ಟೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ. ನಾವು ನಡೆಯುವಾಗ ತಲೆ ಹೆಜ್ಜೆಹೆಜ್ಜೆಗೂ ಕುಲುಕಿದರೂ ಎದುರಿನವರ ಮುಖ ಕುಣಿಯದೆ ನಿಂತಿರುವುದು ಇದರಿಂದ.

ಒಂದೇ ಕಡೆಯ ಕಿವಿ ಕೆಟ್ಟರೆ ವ್ಯತ್ಯಾಸ ವಿಪರೀತವಾಗಿ, ಕೂತಲ್ಲೇ ತಿರುಗಿದಂತೆ ಭಾಸವಾಗುತ್ತದೆ. ಅದೇ ತಲೆಸುತ್ತು. ಎರಡೂ ಕಡೆ ಒಟ್ಟಿಗೆ, ಸಮನಾಗಿ ಕೆಟ್ಟರೆ? ವ್ಯತ್ಯಾಸವೇ ಹುಟ್ಟುವುದಿಲ್ಲ. ತಲೆ ಸುತ್ತುವುದೇ ಇಲ್ಲ. ಜೆಂಟಾಮೈಸಿನ್ ಒಳ್ಳೆಯ ಔಷಧ, ಮುನಿರಾಜು ಬದುಕಿದ್ದೇ ಅದರಿಂದ. ಆದರೆ ಕೆಲವರಲ್ಲಿ, ಮುಖ್ಯವಾಗಿ ಕಿಡ್ನಿ ಸೋತಿರುವಾಗ, ಅದು ದೇಹದಲ್ಲಿ ಉಳಿದುಕೊಂಡು ಒಳಕಿವಿಯ ಆ ಸೂಕ್ಷ್ಮ ಕೋಶಗಳನ್ನು ಕೊಂದುಬಿಡುತ್ತದೆ. ಮುನಿರಾಜು ಅವರ ಮೆದುಳಿನ ನರಕೋಶಗಳು ಬದುಕಿದ್ದವು. ತಲೆ ತಿರುಗಿದ ಸುದ್ದಿ ಮಾತ್ರ ಅವುಗಳಿಗೆ ಬರುತ್ತಿರಲಿಲ್ಲ.

ಹಗಲಿನಲ್ಲಿ ಕಣ್ಣು ಮತ್ತು ಅಂಗಾಲುಗಳ ಸಹಾಯದಿಂದ ಅವರು ಹೇಗೋ ನಡೆಯುತ್ತಿದ್ದರು. ತಲೆಗೆ ನೀರು ಹುಯ್ದುಕೊಂಡು ಕಣ್ಣು ಮುಚ್ಚಿದರೆ ಬೀಳುತ್ತಿದ್ದರು. ನೀರಿನೊಳಗೆ ಹೋದಾಗ ಅಂಗಾಲಿಗೆ ನೆಲವಿಲ್ಲ, ಮೈಗೆ ಭಾರವಿಲ್ಲ, ಕಣ್ಣು ಮುಚ್ಚಿದೆ. ಮೇಲೆ ಯಾವುದೆಂದು ಹೇಳಲು ದೇಹದಲ್ಲಿ ಯಾರೂ ಉಳಿದಿರಲಿಲ್ಲ.

ನನ್ನ ಕೋಣೆಗೆ ವಾಪಸು ಬಂದು ಕೂತ ಮೇಲೆ, ಅಂದು ನೀರಿನಲ್ಲಿ ಏನಾಯಿತೆಂದು ಮುನಿರಾಜು ಅವರನ್ನೇ ಕೇಳಿದೆ. ಅವರನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲಿರಬೇಕು.  ಅವರು ಬಿಟ್ಟುಬಿಟ್ಟು ಹೇಳಿದರು: ಪಲ್ಟಿ ಹೊಡೆದ ಮೇಲೆ ಎಂದಿನಂತೆ ಮೇಲಕ್ಕೇ ಈಜಿದೆ. ನೀರು ಮುಗಿಯಲೇ ಇಲ್ಲ. ಕಣ್ಣು ಬಿಟ್ಟರೆ ಎಲ್ಲೆಲ್ಲೂ ನೀಲಿ, ಎಲ್ಲವೂ ಅಲ್ಲಾಡುತ್ತಿತ್ತು. ಕೈಗೆ ಟೈಲ್ಸ್ ಸಿಕ್ಕಿತು. ಕೊಳದ ಗೋಡೆ ಎಂದುಕೊಂಡು ಅದನ್ನೇ ಹಿಡಿದು ಮೇಲೆ ಹತ್ತುತ್ತ ಹೋದೆ.

“ಅಷ್ಟೊತ್ಗೆ ಯಾರೋ ನನ್ನ ಕೆಳಕ್ಕೆ ಎಳದ್ರು ಮೇಡಂ. ಯಾವ್ದೋ ಮಗು ಮುಳುಗ್ತಾ ನನ್ನ ಹಿಡ್ಕೊಂಡದೆ ಅಂದ್ಕಂಡೆ. ನಾನ್ ಮೇಲೆ ಹೋದ್ರೆ ತಾನೆ ಅದನ್ನ ಉಳಿಸ್ಕಳೋದು? ಅದ್ಕೆ ಬಿಡಿಸ್ಕಂಡೆ. ಒದ್ದೆ” ಎಂದರು. 

ಎಚ್ಚರವಾದ ಮೇಲೆ ಮಕ್ಕಳೆಲ್ಲ ಮೇಲೆ ಬಂದರಾ ಎಂದು ಕೇಳಿದ್ದು ಬಡಬಡಿಕೆಯಾಗಿರಲಿಲ್ಲ. ಎಲ್ಲರೂ ಕ್ಷೇಮ ಎಂದು ಆಮೇಲೆ ಗೊತ್ತಾಯಿತಂತೆ. ಹಾಗಾದರೆ ನನ್ನನ್ನು ಎಳೆದದ್ದು ಏನು ಎಂದು ತಲೆ ಕೆಡಿಸಿಕೊಂಡರಂತೆ. ಬಾಯಿಬಿಟ್ಟು ಹೇಳಿದರೆ ಹುಚ್ಚು ಎನ್ನುತ್ತಾರೆ, ದೆವ್ವ ಬಿಡಿಸುವವರ ಬಳಿಗೆ ಕರೆದೊಯ್ಯುತ್ತಾರೆ ಎಂದು ಯಾರಿಗೂ ಹೇಳಲಿಲ್ಲ.

ಚೈತ್ರಾ ಎದ್ದು ಬಂದು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಳು.

“ಅದು ನಾನು ಅಪ್ಪ. ನಾನು ನಿಮ್ಮನ್ನ ಮೇಲಕ್ಕೆ ಎಳೀತಿದ್ದೆ.”

ಮುನಿರಾಜು ಅವಳನ್ನು ನೋಡಿದರು. ತಾವು ಒದ್ದದ್ದು ಯಾರನ್ನು ಎಂದು ಯಾರೂ ಅವರಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ, ನೊಂದುಕೊಳ್ಳುತ್ತಾರೆಂದು. ಕೈ ಚಾಚಿ ಅವಳ ಎದೆಯ ಮೂಳೆಯ ಹತ್ತಿರ, ಮುಟ್ಟಲೋ ಬೇಡವೋ ಎಂಬಂತೆ ಬೆರಳು ಇಟ್ಟರು.  ಆಮೇಲೆ ನನ್ನ ಕಡೆ ತಿರುಗಿ, ನಾನು ಈವರೆಗೂ ಮರೆಯಲಾಗದ ಪ್ರಶ್ನೆ ಕೇಳಿದರು.

“ಹಂಗಾದ್ರೆ ನಾನು ಸಾಯಕ್ಕೆ ಹೋಗಿರ್ಲಿಲ್ಲ, ಅಲ್ವಾ ಮೇಡಂ? ಎಲ್ರೂ ಹೇಳಿ ಹೇಳಿ, ನಂಗೇ ಗೊತ್ತಿಲ್ದಂಗೆ ಹೋಗಿದ್ನೇನೋ ಅಂತ ಅನ್ಸೋಕೆ ಶುರುವಾಗಿತ್ತು.”

ಇಲ್ಲ, ನೀವು ಬದುಕಲು ಈಜುತ್ತಿದ್ದಿರಿ, ನಿಮ್ಮ ಕಿವಿ ದಿಕ್ಕು ತಪ್ಪಿಸಿತು ಎಂದೆ. ಇಷ್ಟು ಸರಳವಾದ ವಾಕ್ಯ ಹೇಳುವಾಗ ನನ್ನ ದನಿ ಒಡೆಯಿತು. ವೈದ್ಯರ ದನಿ ಒಡೆಯಬಾರದು ಎಂದು ಕಿರಿಯರಿಗೆ ಹೇಳಿಕೊಡುತ್ತಿದ್ದವಳು ನಾನೇ.

ಸರೋಜಮ್ಮ ಸಮಾಧಾನಗೊಳ್ಳುತ್ತಾರೆ ಎಂದು ಎಣಿಸಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಗಂಡ ಸಾಯಲು ಹೊರಟಿದ್ದ ಎಂಬುದಕ್ಕಿಂತ, ಸಾಯಲು ಹೊರಡದ ಗಂಡನನ್ನು ತಾನು ಕೈದಿಯಂತೆ ಕಾದೆ ಎಂಬುದು ಅವರಿಗೆ ದೊಡ್ಡ ಪೆಟ್ಟಾಗಿತ್ತು. ಬಚ್ಚಲಿನ ಬಾಗಿಲು ತೆರೆದಿಟ್ಟು ಸ್ನಾನ ಮಾಡಿಸಿದೆನಲ್ಲ, ಒಂದು ಮಾತು ಎದುರಾಡಲಿಲ್ಲವಲ್ಲ ಈ ಮನುಷ್ಯ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರನ್ನು ನಾನು ಹೊರಗೆ ಕರೆದುಕೊಂಡು ಹೋಗಿ, ಉಷಾ ಬರುವವರೆಗೂ ಕಾರಿಡಾರಿನ ಬೆಂಚಿನ ಮೇಲೆ ಅವರ ಜೊತೆ ಕೂತಿದ್ದೆ. ಕಾವಲು ಕಾದದ್ದು ತಪ್ಪಲ್ಲ, ಹಾಗೆ ಅನುಮಾನ ಬಂದರೆ ಕಾಯಲೇಬೇಕು ಎಂದು ಉಷಾ ಅವರಿಗೆ ಹೇಳಿದರು. ಅದು ನಿಜ ಕೂಡ.

ಕೆಟ್ಟ ಸುದ್ದಿ ಇನ್ನೂ ಉಳಿದಿತ್ತು. ಸತ್ತ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಮಾತ್ರೆಯೂ ಇಲ್ಲ, ಆಪರೇಷನ್ನೂ ಇಲ್ಲ. ಮುಂದಿನ ವಾರ ಇದನ್ನು ಹೇಳಿದಾಗ ಮುನಿರಾಜು ನಾನು ಹೆದರಿದ್ದಕ್ಕಿಂತ ಶಾಂತವಾಗಿ ಕೇಳಿಸಿಕೊಂಡರು. ಏನು ಉಳಿದಿದೆ ಎಂದು ಕೇಳಿದರು. ಕಣ್ಣಿದೆ, ಕುತ್ತಿಗೆಯಿದೆ, ಪಾದಗಳಿವೆ ಎಂದೆ. ವೆಸ್ಟಿಬ್ಯುಲರ್ ನರಕೋಶಗಳಿಗೆ ಒಂದು ಗುಣವಿದೆ. ಕಿವಿಯಿಂದ ಸುದ್ದಿ ಬರುವಾಗ ಕುತ್ತಿಗೆಯ ಸ್ನಾಯುಗಳ ಸುದ್ದಿಗೆ ಅವು ಅಷ್ಟಾಗಿ ಗಮನ ಕೊಡುವುದಿಲ್ಲ. ಕಿವಿ ಮೌನವಾದರೆ ನಿಧಾನವಾಗಿ ಆ ಕಡೆಗೆ ಕಿವಿಗೊಡಲು ಕಲಿಯುತ್ತವೆ. ಕಲಿಸುವುದಕ್ಕೆ ವ್ಯಾಯಾಮ ಬೇಕು. ಬೇಸರ ಬರುವಷ್ಟು ಬೇಕು.

ಅವರು ಮಾಡಿದರು. ಗೋಡೆಗೆ ಅಂಟಿಸಿದ ಒಂದು ಅಕ್ಷರದ ಮೇಲೆ ಕಣ್ಣು ನೆಟ್ಟು ತಲೆ ಎಡಬಲಕ್ಕೆ ತಿರುಗಿಸುವುದು. ದಪ್ಪ ಸ್ಪಂಜಿನ ಮೇಲೆ ನಿಲ್ಲುವುದು. ನಡೆಯುತ್ತ ಅಂಗಡಿ ಬೋರ್ಡುಗಳನ್ನು ಓದಲು ಯತ್ನಿಸುವುದು. ಬೆಳಿಗ್ಗೆ ಸರೋಜಮ್ಮ, ಸಂಜೆ ಚೈತ್ರಾ ಪಕ್ಕದಲ್ಲಿರುತ್ತಿದ್ದರು. ಮೊದಲ ತಿಂಗಳು ಏನೂ ಆಗಲಿಲ್ಲ. ಒಮ್ಮೆ ಬನಶಂಕರಿ ಬಸ್‌ಸ್ಟ್ಯಾಂಡಿನ ಬಳಿ ಬಿದ್ದು, ಸುತ್ತ ನೆರೆದವರು ಬೆಳಿಗ್ಗೆಯೇ ಕುಡಿದಿದ್ದಾನೆ ಎಂದರಂತೆ. ಅಂದು ಬಂದು ನನ್ನ ಮುಂದೆ ಅತ್ತರು. ಮಳೆಗಾಲ ಮುಗಿಯುವ ಹೊತ್ತಿಗೆ ಕೋಲಿಲ್ಲದೆ, ಗೋಡೆ ಹಿಡಿಯದೆ ಬಂದರು. ನಡೆಯುವಾಗ ಮುಖಗಳು ಇನ್ನೂ ಅಲುಗುತ್ತವೆ, ಆದರೆ ಯಾರದೆಂದು ಗೊತ್ತಾಗುತ್ತದೆ ಎಂದರು. ಕತ್ತಲಲ್ಲಿ ಮಾತ್ರ ಯಾರಾದರೂ ಜೊತೆಗೆ ಬೇಕು. ಅದು ಕಡೆಯವರೆಗೂ ಹಾಗೆಯೇ.

ನೀರಿಗೆ ಇಳಿಯುವ ಮಾತು ಅವರೇ ಎತ್ತಿದರು. ಇಂಥವರು ಎಂದೂ ಒಂಟಿಯಾಗಿ ನೀರಿಗಿಳಿಯಬಾರದು, ತಲೆ ಮುಳುಗಿಸಬಾರದು ಎಂಬುದು ನಮ್ಮ ನಿಯಮ. ಅದನ್ನು ಸಡಿಲಿಸಲು ನಾನು ಒಪ್ಪಲಿಲ್ಲ. ಎದೆಮಟ್ಟದ ನೀರಿನಲ್ಲಿ, ಪಾದ ನೆಲಕ್ಕೆ ಊರಿ, ಪಕ್ಕದಲ್ಲಿ ಮಗಳಿದ್ದರೆ ಮಾತ್ರ ಆಗಬಹುದು ಎಂದೆ. ಮುಂದಿನ ಬೇಸಿಗೆಯ ಶಿಬಿರಕ್ಕೆ ನನ್ನನ್ನು ಕರೆದರು. ಹೋದೆ. ಕೊಳದ ಆಳವಿಲ್ಲದ ತುದಿಯಲ್ಲಿ ನಿಂತು ಅವರು ಮಕ್ಕಳಿಗೆ ಒಂದು ಹೊಸ ಪಾಠ ಹೇಳಿಕೊಡುತ್ತಿದ್ದರು. ನೀರೊಳಗೆ ಗಾಬರಿಯಾದರೆ ಕೈಕಾಲು ಬಡಿಯಬೇಡಿ, ಬಾಯಿಂದ ಸ್ವಲ್ಪ ಗಾಳಿ ಬಿಡಿ, ಗುಳ್ಳೆ ಮುಖದ ಮೇಲೆ ಯಾವ ಕಡೆಗೆ ಹರಿಯುತ್ತದೋ ಆ ಕಡೆಗೆ ಹೋಗಿ ಎಂದು. ಪುಸ್ತಕದಿಂದ ಕಲಿತದ್ದಲ್ಲ, ಆ ದಿನವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಈಜಿ ಅವರೇ ಕಂಡುಕೊಂಡದ್ದು. ಒಂದೊಂದು ಮಗುವೂ ಮುಳುಗಿ, ಗುಳ್ಳೆ ಬಿಟ್ಟು, ಅದರ ಹಿಂದೆಯೇ ನಗುತ್ತ ಮೇಲೆ ಬರುತ್ತಿತ್ತು. ಪ್ರತಿ ಮಗು ಮುಳುಗಿದಾಗಲೂ ಮುನಿರಾಜು ಉಸಿರು ಹಿಡಿಯುತ್ತಿದ್ದರು. ಅದು ತಲೆ ಎತ್ತಿದ ಮೇಲೇ ಬಿಡುತ್ತಿದ್ದರು.

ಈಗ ನಾನು ನಿವೃತ್ತಳು. ವಾರಕ್ಕೊಮ್ಮೆ ಕಿರಿಯ ವೈದ್ಯರಿಗೆ ಪಾಠ ಮಾಡಲು ಹೋಗುತ್ತೇನೆ. ಜೆಂಟಾಮೈಸಿನ್ ಕೊಟ್ಟ ರೋಗಿಯನ್ನು ಮನೆಗೆ ಕಳಿಸುವ ಮೊದಲು ಕಣ್ಣು ಮುಚ್ಚಿ ನಿಲ್ಲಿಸಿ ನೋಡಿ, ಅವರ ತಲೆಯನ್ನು ನಿಮ್ಮ ಕೈಯಾರೆ ತಿರುಗಿಸಿ ನೋಡಿ ಎಂದು ಹೇಳುತ್ತೇನೆ. ಅದನ್ನು ಅವರು ಬರೆದುಕೊಳ್ಳುತ್ತಾರೆ. ಇನ್ನೊಂದು ಮಾತನ್ನು ಹೇಳಿಕೊಡುವುದು ಕಷ್ಟ. ಒಬ್ಬ ಮನುಷ್ಯ ಮಾಡಿದ್ದನ್ನು ಹತ್ತು ಜನ ಕಣ್ಣಾರೆ ಕಂಡಿರಬಹುದು, ಕಂಡದ್ದರಲ್ಲಿ ಒಂದಿಷ್ಟೂ ಸುಳ್ಳಿಲ್ಲದಿರಬಹುದು. ಆದರೂ ಅವನಿಗೆ ಆಗ ಮೇಲೆ ಯಾವುದಾಗಿತ್ತು, ಕೆಳಗೆ ಯಾವುದಾಗಿತ್ತು ಎಂದು ಅವನನ್ನೇ ಕೂರಿಸಿ ಕೇಳುವವರೆಗೆ, ಅವನು ಎಲ್ಲಿಗೆ ಹೊರಟಿದ್ದ ಎಂದು ನಮಗೆ ಗೊತ್ತಿರುವುದಿಲ್ಲ.